ಗೋಡೆ ನೆನೆದಿದೆಯೋ, ಬೆವರಿದೆಯೋ? ಮನೆ ಮಾರುವ ಮೊದಲೇ ತಿಳಿದುಕೊಳ್ಳಿ

ನನ್ನ ಮೈದುನನ ಮಗ ಮಡಿಕೇರಿಯ ಹಳೇ ಮನೆ ಮಾರಲು ಹೊರಟಿದ್ದಾನೆ. ಕೊಳ್ಳುವವರು ಬೆಂಗಳೂರಿನವರು. ಮನೆ ನೋಡಿ ಮೆಚ್ಚಿಕೊಂಡು ಹೋದರು. ವಾರ ಬಿಟ್ಟು ಫೋನ್ ಮಾಡಿ, ಗೋಡೆಯ ತೇವವನ್ನು ನಮ್ಮ ಕಡೆಯ ಇಂಜಿನಿಯರ್‌ಗೆ ಒಮ್ಮೆ ತೋರಿಸಬೇಕಿತ್ತು ಅಂದರಂತೆ. ಇವನು ಏನು ಮಾಡಿದ ಗೊತ್ತಾ? ಜೂನ್ ತಿಂಗಳ ಮಳೆಯಲ್ಲಿ ಪಶ್ಚಿಮದ ಗೋಡೆಗೆ ಹೊಳೆಯುವ ಪೇಂಟ್ ಬಳಿಸಿ, ಅದರ ಮುಂದೆ ಬೀರು ತಂದು ನಿಲ್ಲಿಸಿದ. "ಮುಗೀತು ದೊಡ್ಡಮ್ಮಾ" ಅಂತ ನನ್ನ ಹತ್ತಿರ ಹೆಮ್ಮೆ ಬೇರೆ. ಕಕ್ಕಡ, ಅಂದರೆ ಜುಲೈ ನಡುವಿಗೆ ಬರುವ ನಮ್ಮ ಕೊಡಗಿನ ಜಡಿಮಳೆ ತಿಂಗಳು, ಶುರುವಾಗುವಷ್ಟರಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಬೀರುವಿನ ಹಿಂದಿನ ಹಲಗೆಗೆ ಹಸಿರು ಬೂಷ್ಟು.

ಈಗಿನವರಿಗೆ ಗೋಡೆ ಅಂದರೆ ಬರೀ ಬಣ್ಣ. ನಮ್ಮ ಹಳೇ ಮನೆಗಳು ಮಣ್ಣಿನ ಇಟ್ಟಿಗೆ ಇಲ್ಲವೇ ಜಂಬಿಟ್ಟಿಗೆ, ಮೇಲೆ ಸುಣ್ಣದ ಗಾರೆ. ಮಳೆಗಾಲದಲ್ಲಿ ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಬಿಡುತ್ತವೆ. ಅದರ ಮೇಲೆ ಪ್ಲಾಸ್ಟಿಕ್‌ನಂಥ ಪೇಂಟ್ ಬಳಿದರೆ ಕುಡಿದ ನೀರು ಹೊರಗೆ ಹೋಗುವುದು ಹೇಗೆ? ಸಿಮೆಂಟ್ ಮೆತ್ತಿದರೂ ಅಷ್ಟೇ.

ಮೊದಲನೆಯದಾಗಿ, ಪರೀಕ್ಷೆ ಮಾಡಿಸುತ್ತೇವೆ ಅಂದವರ ಮೇಲೆ ಮುನಿಸಿಕೊಳ್ಳಬೇಡಿ. "ನಮ್ಮ ಮನೆ ಮೇಲೆ ಅನುಮಾನವಾ" ಅಂತ ಮುಖ ಊದಿಸುವವರನ್ನು ಬಹಳ ನೋಡಿದ್ದೇನೆ. ಬಾಳೆಹಣ್ಣು ಕೊಳ್ಳುವಾಗಲೂ ನೀವು ತಿರುಗಿಸಿ ನೋಡುವುದಿಲ್ವಾ? ಆಯಿತು, ಬನ್ನಿ ಅನ್ನಿ. ಇನ್ನೊಂದು ವಿಷಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ನಿಮಗೆ ಗೊತ್ತಿದ್ದು ಕೊಳ್ಳುವವರಿಗೆ ಸಾಮಾನ್ಯವಾಗಿ ನೋಡಿದರೂ ಕಾಣದ ದೊಡ್ಡ ದೋಷವನ್ನು ನೀವೇ ಹೇಳಬೇಕು. ಬೀರು ಅಡ್ಡ ಇಟ್ಟು ಮುಚ್ಚಿದ್ದು ನಾಳೆ ಗೊತ್ತಾದರೆ ನಿಮ್ಮ ಕುತ್ತಿಗೆಗೇ ಬರುತ್ತದೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪತ್ರದ ತೊಡಕು ಬೇರೆ ಕಥೆ, ಅದನ್ನು ವಕೀಲರ ಹತ್ತಿರ ಕೇಳಿ.

ಅವರು ಬರುವ ಮೊದಲು ನಿಮ್ಮ ತೇವ ಎಲ್ಲಿಂದ ಬರುತ್ತಿದೆ ಅಂತ ನಿಮಗೆ ಗೊತ್ತಿರಬೇಕು. ತೇವ ಎಲ್ಲ ಒಂದೇ ಅಲ್ಲ. ಹಂಚು ಜರುಗಿ ಮೇಲಿಂದ ಇಳಿಯುವುದು ಒಂದು. ಗಾಳಿಮಳೆ ಪಶ್ಚಿಮದ ಗೋಡೆಗೆ ಅಪ್ಪಳಿಸಿ ಒಳಗೆ ಬರುವುದು ಇನ್ನೊಂದು. ನೆಲದಿಂದ ಏರುವುದು ಮತ್ತೊಂದು. ಅದು ಸಾಮಾನ್ಯವಾಗಿ ಸೊಂಟದ ಎತ್ತರದ ಒಳಗೇ ನಿಲ್ಲುತ್ತದೆ, ನಿಂತ ಕಡೆ ಬಿಳಿ ಉಪ್ಪಿನ ಹುಡಿ ಬಿಡುತ್ತದೆ. ಕೊನೆಯದು ಮನೆಯೊಳಗಿನ ಹಬೆ. ಎಲ್ಲ ಕಿಟಕಿ ಮುಚ್ಚಿ, ಒಳಗೇ ಹಗ್ಗ ಕಟ್ಟಿ ಎರಡು ಬಕೆಟ್ ಬಟ್ಟೆ ಒಣಗಿಸಿದರೆ ಗೋಡೆ ಬೆವರದೆ ಇನ್ನೇನು ಮಾಡುತ್ತದೆ?

ನಮ್ಮ ಅತ್ತೆ ಬಟ್ಟೆ ಒಣಗಿಸುತ್ತಿದ್ದದ್ದು ಒಲೆಮನೆಯಲ್ಲಿ. ಕೆಂಡದ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡುತ್ತಿದ್ದರು. ಹೊಗೆ ವಾಸನೆ ಬರುತ್ತಿತ್ತು, ನಿಜ. ಆದರೆ ಹಬೆ ಹೊಗೆಯ ಜೊತೆ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ಆ ಸಂದಿಗೆಲ್ಲ ಫಾಲ್ಸ್ ಸೀಲಿಂಗ್ ಬಡಿದು, ಮನೆ ಮುಗ್ಗಲು ವಾಸನೆ ಅಂತ ನನ್ನ ಹತ್ತಿರ ದೂರುತ್ತೀರಿ.

ನೀರು ಗೋಡೆಯದೋ ಮನೆಯೊಳಗಿನ ಗಾಳಿಯದೋ ತಿಳಿಯಲು ಈಗ ನನ್ನ ಫಾಯಿಲ್ ಪರೀಕ್ಷೆ. ಇದನ್ನು ಅರ್ಧಂಬರ್ಧ ಮಾಡುವುದಾದರೆ ಮಾಡಲೇ ಬೇಡಿ. ಚಪಾತಿ ಸುತ್ತುವ ಫಾಯಿಲ್ ತೆಗೆದುಕೊಂಡು, ಒಂದು ಗೇಣು ಉದ್ದ ಒಂದು ಗೇಣು ಅಗಲದ ನಾಲ್ಕು ತುಂಡು ಕತ್ತರಿಸಿ. ಸುಕ್ಕು ಬೀಳಬಾರದು. ಅನುಮಾನವಿರುವ ಗೋಡೆಯ ಮುಂದಿನ ಸಾಮಾನನ್ನು ಒಂದು ವಾರ ಮೊದಲೇ ಸರಿಸಿ. ಒಂದು ತುಂಡು ನೆಲದಿಂದ ಗೇಣು ಮೇಲೆ, ಒಂದು ಸೊಂಟದ ಹತ್ತಿರ, ಒಂದು ತಲೆಯಿಂದ ಮೇಲೆ. ನಾಲ್ಕನೆಯದು ಎರಡು ಕೋಣೆಗಳ ನಡುವಿನ ಗೋಡೆಗೆ. ಆ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಹೋಲಿಸಿ ನೋಡಲು ಒಂದು ಒಳ್ಳೇ ಗೋಡೆ ಬೇಡವಾ?

ಸುಣ್ಣದ ಗೋಡೆಗೆ ಟೇಪ್ ಹಿಡಿಯುವುದಿಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಒಣ ಬಟ್ಟೆಯಿಂದ ಹುಡಿ ಒರೆಸಿ. ಫಾಯಿಲ್ ಅಂಚು ಬರುವ ಜಾಗಕ್ಕೆ ಅಗಲದ ಕಂದು ಟೇಪ್ ಒಂದು ಸಲ ಅಂಟಿಸಿ ಕಿತ್ತುಬಿಡಿ. ಉಳಿದ ಹುಡಿ ಅದರ ಜೊತೆ ಬರುತ್ತದೆ. ಅದೇ ಜಾಗಕ್ಕೆ ಹೊಸ ಟೇಪ್ ಹಾಕಿ ಫಾಯಿಲ್ ಅಂಟಿಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಾಲ್ಕೂ ಕಡೆ ಉಜ್ಜಿ. ಇರುವೆ ನುಗ್ಗುವಷ್ಟು ಸಂದಿಯೂ ಇರಬಾರದು. ಗಾಳಿ ಆಡಿದರೆ ಇಡೀ ಪರೀಕ್ಷೆ ದಂಡ. ನೀರಿನ ಅಂಟು, ಮೈದಾ ಅಂಟು ಬೇಡ, ಅದೇ ತೇವ.

ಎರಡು ದಿನ ಬಿಡಿ. ಮನೆಯಲ್ಲಿ ಎಂದಿನ ಹಾಗೆ ಅಡುಗೆ, ಸ್ನಾನ ಎಲ್ಲ ನಡೆಯಲಿ. ನಡುವೆ ಕುತೂಹಲಕ್ಕೆ ಮೂಲೆ ಎತ್ತಿ ನೋಡಬೇಡಿ. ಮೂರನೇ ದಿನ ಬೆಳಿಗ್ಗೆ, ಸ್ನಾನದ ಒಲೆ ಹೊತ್ತಿಸುವ ಮೊದಲು, ಫಾಯಿಲ್‌ನ ಹೊರಮೈಗೆ ಬೆರಳು ಆಡಿಸಿ. ಅಲ್ಲಿ ನೀರಿದ್ದರೆ ಅದು ಮನೆಯೊಳಗಿನ ಗಾಳಿಯದು. ಆಮೇಲೆ ಮೇಲಿನಿಂದ ಕೆಳಗೆ ಮೆಲ್ಲ ಬಿಡಿಸಿ, ಒಳಮೈಗೆ ಒಣ ಪೇಪರ್ ಒತ್ತಿ. ಪೇಪರ್ ನೆನೆದರೆ ನೀರು ಗೋಡೆಯದು. ಎರಡೂ ಕಡೆ ಇದ್ದರೆ ಎರಡೂ ರೋಗ. ಕೆಳಗಿನ ತುಂಡು ಒದ್ದೆ, ಮೇಲಿನದು ಒಣಗಿದ್ದರೆ ನೆಲದ ಕಡೆ ನೋಡಿ. ಮೇಲಿನದೇ ಜಾಸ್ತಿ ಒದ್ದೆಯಾಗಿದ್ದರೆ ಏಣಿ ತನ್ನಿ. ಫೋಟೋ ತೆಗೆದು, ತಾರೀಖು ಮತ್ತು ಆ ದಿನ ಎಷ್ಟು ಇಂಚು ಮಳೆ ಬಂತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಳೆ ಲೆಕ್ಕ ಬರೆಯುವುದನ್ನು ಕಾಫಿ ತೋಟದವರಿಗೆ ನಾನು ಕಲಿಸಬೇಕಿಲ್ಲ.

ಅರ್ಧ ಸಲ ಔಷಧಿ ಬಹಳ ಅಗ್ಗ. ನಮ್ಮ ಮನೆಯಲ್ಲಿ ಗೋಡೆಗೆ ಒತ್ತಿ ಡೇಲಿಯಾ ಹೂವಿನ ಪಾತಿ ಮಾಡಿ, ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು. ಅದನ್ನು ಗೇಣು ಕೆಳಗಿಳಿಸಿ, ಸೂರಿನ ನೀರು ದೂರ ಹೋಗಲು ಚರಂಡಿ ತೋಡಿದೆವು. ಮುಂದಿನ ಮಳೆಗಾಲಕ್ಕೆ ಉಪ್ಪಿನ ಹುಡಿ ಮುಕ್ಕಾಲು ಭಾಗ ಹೋಯಿತು. ಇನ್ನು ಬೂಷ್ಟು ಒರೆಸುವ ವಿಷಯ. ವಿನೆಗರ್ ಒಳ್ಳೆಯದು ಅಂತ ಮೊಬೈಲ್‌ನಲ್ಲಿ ನೋಡಿ ಸೊಸೆ ಒಬ್ಬಳು ನನ್ನ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸದ ಶೀಷೆಯನ್ನೇ ಗೋಡೆಗೆ ತಂದಿದ್ದಳು! ಹಂದಿ ಕರಿಗೆ ಹಾಕುವುದನ್ನು ಗೋಡೆಗೆ ಹಾಕುವುದುಂಟಾ? ಕಪ್ಪು ಕಲೆ ಒಂದು ಕಡೆ, ಹುಳಿ ಸುಣ್ಣವನ್ನು ತಿನ್ನುವುದು ಇನ್ನೊಂದು ಕಡೆ. ಒಣ ಬ್ರಷ್, ಮೂಗಿಗೆ ಬಟ್ಟೆ, ತೆರೆದ ಕಿಟಕಿ, ಅಷ್ಟು ಸಾಕು.

ಇನ್ನು ಇಂಜಿನಿಯರ್‌ನ ತೇವ ಅಳೆಯುವ ಮೀಟರ್. ಎರಡು ಮುಳ್ಳು ಚುಚ್ಚುವ ಆ ಯಂತ್ರದ ಅಂಕಿ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಗೋಡೆಯಲ್ಲಿ ಉಪ್ಪಿದ್ದರೆ ಕರೆಂಟ್ ಸಲೀಸಾಗಿ ಹರಿದು, ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತದೆ. ಆದ್ದರಿಂದ ಒಳಗೋಡೆಗೂ ಚುಚ್ಚಿ ಅಂಕಿ ಬರೆದುಕೊಳ್ಳಿ ಅಂತ ಮರ್ಯಾದೆಯಿಂದ ಕೇಳಿ. ಜುಲೈ ಒಂದೇ ತಿಂಗಳಲ್ಲಿ ಮಡಿಕೇರಿಗೆ ಬೆಂಗಳೂರಿನ ಇಡೀ ವರ್ಷದ ಮಳೆ ಬೀಳುವುದುಂಟು. ಆಗ ಯಾವ ಗೋಡೆ ಒಣಗಿರುತ್ತದೆ? ಕಕ್ಕಡದಲ್ಲಿ ಒಮ್ಮೆ ನೋಡಲಿ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದು ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ನೋಡಲಿ. ಬೇಸಿಗೆಯಲ್ಲಿ ಮಾತ್ರ ತೋರಿಸುವ ಜಾಣತನ ನನಗೆ ಹಿಡಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ಜನ ಮನೆ ಹಿಂದಿನ ಬರೆಯನ್ನೂ, ಅಂದರೆ ಕಡಿದಾದ ಮಣ್ಣಿನ ದಿಬ್ಬವನ್ನೂ, ಕೇಳುತ್ತಾರೆ, ಅದನ್ನೂ ತೋರಿಸಿ.

ಬರುವ ಮೊದಲು ನಾಲ್ಕು ಸಾಲು ಬರೆದುಕೊಳ್ಳಿ. ಖರ್ಚು ಕೇಳಿದವರದ್ದು. ಕೇಳದೆ ಗಾರೆ ಕೆತ್ತುವಂತಿಲ್ಲ, ಕೆತ್ತಿದರೆ ಮುಚ್ಚಿಕೊಡಬೇಕು. ವರದಿಯ ಒಂದು ಪ್ರತಿ ನಿಮಗೆ. ಇಷ್ಟು ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು. ನಾನು ಒಮ್ಮೆ ಬಾಯಿಮಾತಿಗೆ ಒಪ್ಪಿ, ನೋಡಲು ಬಂದವರು ಮೂಲೆಯಲ್ಲಿ ಅಂಗೈಯಗಲ ಕೆತ್ತಿ ಹೋದರು. ವರದಿಯೂ ಬರಲಿಲ್ಲ, ಅವರೂ ಬರಲಿಲ್ಲ.

ದರದ ಮಾತಿಗೆ ಮೊದಲು ಇಬ್ಬರು ಮೇಸ್ತ್ರಿಗಳಿಂದ ರಿಪೇರಿ ಖರ್ಚು ಬರೆಸಿಟ್ಟುಕೊಳ್ಳಿ. ಇಲ್ಲದಿದ್ದರೆ ತೇವ ಎಂಬ ಒಂದೇ ಮಾತಿಗೆ ಲಕ್ಷಗಟ್ಟಲೆ ಇಳಿಸಿ ಅನ್ನುತ್ತಾರೆ. ರಿಪೇರಿಯಷ್ಟು ಬಿಡಿ, ಅದಕ್ಕಿಂತ ಜಾಸ್ತಿ ಬೇಡ.

ಅವರು ಬರುವ ದಿನ ಊದುಬತ್ತಿ ಹಚ್ಚಬೇಡಿ, ಅನುಮಾನ ಬರುವುದೇ ಅದರಿಂದ. ಕಾಫಿ ಕೊಡಿ, ನೋಟ್‌ಬುಕ್ ಕೊಡಿ, ಮೀಟರ್ ಹಿಡಿದವನ ಬೆನ್ನಿಗೆ ಅಂಟಿಕೊಂಡು ಓಡಾಡಬೇಡಿ. ಛತ್ರಿಯನ್ನು ಮಾತ್ರ ಜಗಲಿಯಲ್ಲೇ ಬಿಡಲು ಹೇಳಿ. ನೀರು ಸೋರುವ ಛತ್ರಿಯನ್ನು ಒಳಗೆ ತಂದು ಗೋಡೆಗೆ ಒರಗಿಸಿ, ಆಮೇಲೆ ಅಲ್ಲೇ ಮೀಟರ್ ಚುಚ್ಚಿ ತೇವ ಅಂತ ಬರೆದುಕೊಂಡ ಪುಣ್ಯಾತ್ಮನನ್ನೂ ನಾನು ನೋಡಿದ್ದೇನೆ.