ದೊಡ್ಡವರ ಛದ್ಮವೇಷ ಕೂಟ: ಮನೆಯಲ್ಲಿ 1973ರ ಒಂದು ಸಂಜೆ

ಛದ್ಮವೇಷ ಎಂದೊಡನೆ ಶಾಲೆಯ ವೇದಿಕೆಯ ಮೇಲೆ ಒನಕೆ ಹಿಡಿದು ನಿಂತ ಪುಟ್ಟ ಓಬವ್ವ ನೆನಪಾಗುತ್ತಾಳೆ. ದೊಡ್ಡವರಿಗೂ ಅಂಥ ಸಂಜೆಯೊಂದನ್ನು ಏರ್ಪಡಿಸಬಹುದು. ಆದರೆ ಮಕ್ಕಳಿಗಿಲ್ಲದ ಸಂಕೋಚ ದೊಡ್ಡವರಿಗಿರುವುದರಿಂದ, ಕರೆಯುವವರ ಸಿದ್ಧತೆಯೆಲ್ಲ ಆ ಸಂಕೋಚವನ್ನು ಬಿಡಿಸುವ ಕಡೆಗೇ ಇರಬೇಕು.

ಕೂಟದ ವಿಷಯವನ್ನು ಆದಷ್ಟು ಕಿರಿದಾಗಿಸಿ. ‘ಹಳೆಯ ಕಾಲ’ ಎಂದಷ್ಟೇ ಹೇಳಿದರೆ ಒಬ್ಬರು ಹೊಯ್ಸಳರ ಆಸ್ಥಾನಕ್ಕೆ, ಇನ್ನೊಬ್ಬರು ತಮ್ಮ ಕಾಲೇಜಿನ ದಿನಗಳಿಗೆ ಹೋಗುತ್ತಾರೆ. ಉಳಿದವರು ಏನೂ ತೋಚದೆ ನಿತ್ಯದ ಉಡುಪಿನಲ್ಲೇ ಬರುತ್ತಾರೆ. ಒಂದೇ ಒಂದು ವರ್ಷವನ್ನು ಹೆಸರಿಸುವುದು ಲೇಸು. ರಾಜ್ಯೋತ್ಸವದ ತಿಂಗಳಿಗೆ 1973 ಚೆನ್ನಾಗಿ ಒಪ್ಪುತ್ತದೆ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದ ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಆ ಕಾಲದ ಬಟ್ಟೆಬರೆ ಇನ್ನೂ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಉಳಿದಿದೆ, ಅದನ್ನು ಉಟ್ಟವರೂ ನಮ್ಮ ನಡುವೆ ಇದ್ದಾರೆ.

ಮೂರು ವಾರ ಮೊದಲೇ ಕರೆಯೋಲೆ ಕಳುಹಿಸಿ, ಅದೂ ಐವತ್ತು ಪೈಸೆಯ ಅಂಚೆ ಕಾರ್ಡಿನಲ್ಲಿ, ಕೈಬರಹದಲ್ಲಿ. ವಿಳಾಸದ ಕೊನೆಗೆ ಪಿನ್‌ಕೋಡನ್ನು ತಪ್ಪದೆ ಬರೆಯಿರಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಅದು 1973ರಲ್ಲಿ ಇನ್ನೂ ಹೊಸತು. ವೇಷ ಕಡ್ಡಾಯವೆಂದು ಬರೆಯಬೇಡಿ. ‘ಆ ವರ್ಷದ ಒಂದು ಗುರುತಾದರೂ ಮೈಮೇಲಿರಲಿ’ ಎಂದು ಬರೆದರೆ ಹಿಂಜರಿಯುವವರೂ ಒಪ್ಪಿಕೊಳ್ಳುತ್ತಾರೆ.

ಗುರುತುಗಳಿಗೆ ಆ ಕಾಲದಲ್ಲಿ ಬರವಿಲ್ಲ. ಗಂಡಸರಿಗೆ ಬೆಲ್‌ಬಾಟಂ ಪ್ಯಾಂಟು, ಅಗಲ ಕಾಲರಿನ ಟೆರಿಲಿನ್ ಶರ್ಟು, ಕೀ ಕೊಡುವ ಎಚ್‌ಎಂಟಿ ಗಡಿಯಾರ. ಹೆಂಗಸರಿಗೆ ದೊಡ್ಡ ಹೂವಿನ ನೈಲಾನ್ ಸೀರೆ, ಲಂಗ ದಾವಣಿ, ರಿಬ್ಬನ್ ಕಟ್ಟಿದ ಎರಡು ಜಡೆ. ಬಗಲಿಗೆ ಜೋಳಿಗೆ ತೂಗಿಸಿದ ಖಾದಿ ಜುಬ್ಬಾದ ಲೇಖಕ, ಚರ್ಮದ ಚೀಲದ ಬಸ್ ಕಂಡಕ್ಟರ್, ಟ್ರಂಕ್ ಕಾಲ್ ಜೋಡಿಸುವ ಆಪರೇಟರ್, ಹೀಗೆ ಆಯ್ಕೆಗಳನ್ನು ಕಾರ್ಡಿನಲ್ಲೇ ಸೂಚಿಸಬಹುದು. ಬಿಳಿಯ ಅಂಗಿ, ಬಿಳಿಯ ಪ್ಯಾಂಟು ಇದ್ದವರು ಕ್ರಿಕೆಟಿಗರಾಗಬಹುದು: ಪ್ರಸನ್ನ ಅವರ ನಾಯಕತ್ವದಲ್ಲಿ ನಮ್ಮ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದದ್ದು 1973–74ರ ಋತುವಿನಲ್ಲಿ. ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದರೆ, ಬಲ್ಲವರು ಕೂಡಲೇ ಆ ತಂಡದ ಸ್ಪಿನ್ ಬೌಲರ್ ಚಂದ್ರಶೇಖರ್ ಎಂದು ಗುರುತಿಸುತ್ತಾರೆ.

ಟ್ರಂಕಿನ ಸೀರೆಗಳನ್ನು ಎರಡು ದಿನ ಮುಂಚೆ ನೆರಳಿನಲ್ಲಿ ಹರವಿದರೆ ನುಸಿಗುಳಿಗೆಯ ವಾಸನೆ ಕಳೆಯುತ್ತದೆ. ದಶಕಗಳಿಂದ ಒಂದೇ ಮಡಿಕೆಯಲ್ಲಿದ್ದ ಜರಿ ರೇಷ್ಮೆ ಮಡಿಕೆಯ ಗುಂಟ ಸೀಳುತ್ತದೆ. ಅಂಥದನ್ನು ಉಡಬೇಡಿ, ಗೋಡೆಯ ಮೇಲೆ ಹರವಿ ತೋರಿಸಿ. ನೈಲಾನ್ ಸೀರೆ ಉಟ್ಟವರಿರುವಾಗ ದೀಪಾವಳಿಯ ಹಣತೆಗಳು ನೆಲದ ಮೇಲಿರಬಾರದು, ಏಕೆಂದರೆ ಆ ಬಟ್ಟೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಮುಖಕ್ಕೆ ಕಪ್ಪು ಬಳಿದು ಯಾವುದೋ ಸಮುದಾಯದವರಂತೆ ಕಾಣಿಸಿಕೊಳ್ಳುವುದು, ಕರಾವಳಿಯ ದೈವದ ಅಣಿ, ಗಗ್ಗರ ತೊಟ್ಟು ಬರುವುದು ಸಲ್ಲದು. ಭೂತಕೋಲ ಆರಾಧನೆ, ಅದು ವಿನೋದದ ವೇಷವಲ್ಲ. ಕರೆಯುವಾಗಲೇ ಇದನ್ನು ನಯವಾಗಿ ಹೇಳಿಬಿಟ್ಟರೆ ಬಾಗಿಲಲ್ಲಿ ಯಾರನ್ನೂ ನೋಯಿಸಬೇಕಾಗುವುದಿಲ್ಲ.

ಮನೆಯಲ್ಲಿ ಟಿವಿಯನ್ನು ಹೊದಿಕೆಯಿಂದ ಮುಚ್ಚಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದರ ಮುಂದೆ ಹಳೆಯ ರೇಡಿಯೋ ಇಡಿ, ಬಿಳಿಯ ದೀಪ ಆರಿಸಿ ಹಳದಿ ಬಲ್ಬು ಹಾಕಿ. ಒಂದು ಮೂಲೆಯಲ್ಲಿ ಪರದೆ, ಕೈಕುರ್ಚಿ, ಎತ್ತರದ ಸ್ಟೂಲಿನ ಮೇಲೆ ಹೂದಾನಿ ಇಟ್ಟರೆ ಫೋಟೋ ಸ್ಟುಡಿಯೋ ಸಿದ್ಧವಾಗುತ್ತದೆ. ಮೊಬೈಲಿನಲ್ಲೇ ಕಪ್ಪು ಬಿಳುಪು ಚಿತ್ರ ತೆಗೆಯಬಹುದು. ಮಾತಾಡಲು ನಾಚುವವರು ಈ ಕುರ್ಚಿಯಲ್ಲಿ ಬೆನ್ನು ನೇರಮಾಡಿ ಕೂತು, ಎರಡನೆಯ ಚಿತ್ರದ ಹೊತ್ತಿಗೆ ನಗತೊಡಗುವುದನ್ನು ನಾನು ಪ್ರತಿ ಸಲ ಕಂಡಿದ್ದೇನೆ.

ನಮ್ಮ ಮೊದಲ ಕೂಟಕ್ಕೆ ನಿತ್ಯದ ಬಟ್ಟೆಯಲ್ಲಿ ಬಂದ ಗೆಳತಿಯೊಬ್ಬಳು ಸಂಜೆಯೆಲ್ಲ ಅಡುಗೆಮನೆಯಲ್ಲೇ ನಿಂತಳು. ಅಂದಿನಿಂದ ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತೇನೆ: ದಪ್ಪ ಕಟ್ಟಿನ ಕನ್ನಡಕ, ಶಾಲು, ರಿಬ್ಬನ್, ಖಾದಿ ಟೋಪಿ. ಮನೆಯವರು ಪೂರ್ಣ ವೇಷದಲ್ಲಿ ಹೊಸಿಲಲ್ಲೇ ನಿಂತು ಬರಮಾಡಿಕೊಳ್ಳಬೇಕು.

ಊಟ ಒಂದೇ ಕೈಯಲ್ಲಿ ತಿನ್ನುವಂತಿರಲಿ: ಬೋಂಡ, ಉದ್ದಿನ ವಡೆ, ಮೈಸೂರುಪಾಕು, ಕೊನೆಗೆ ಲೋಟ ದವರದಲ್ಲಿ ಫಿಲ್ಟರ್ ಕಾಫಿ. ಯಾರದೋ ಅಜ್ಜಿಯ ಸೀರೆ ಉಟ್ಟವರ ಹತ್ತಿರ ಸಾಂಬಾರು ಸುಳಿಯದಿರಲಿ. ಬಹುಮಾನ ಕೊಡುವುದಾದರೆ ಮನೆಯಲ್ಲಿದ್ದುದನ್ನೇ ಬಳಸಿದವರಿಗೆ ಕೊಡಿ, ಬಾಡಿಗೆಯ ಉಡುಪಿಗೆ ಬೇಡ. ಆ ವರ್ಷವನ್ನು ಕಂಡ ಹಿರಿಯರಿದ್ದರೆ ಅವರೇ ತೀರ್ಪು ಹೇಳಲಿ. ತೀರ್ಪಿನ ನಡುವೆ ಅವರು ನೆನಪಿಗೆ ಜಾರಿದರೆ ತಡೆಯಬೇಡಿ.

ಎರವಲು ತಂದ ವಸ್ತುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡಿರಿ. ಗಡಿಯಾರ, ಸೀರೆ, ರೇಡಿಯೋ ಎಲ್ಲವನ್ನೂ ವಾರದೊಳಗೆ ಹಿಂತಿರುಗಿಸಿ, ಸೀರೆಯೊಂದಿಗೆ ಅದನ್ನು ಉಟ್ಟವರ ಫೋಟೋವನ್ನೂ ಅಚ್ಚು ಹಾಕಿಸಿ ಕೊಡಿ.