ತಂಡದೊಳಗಿನ ಒಬ್ಬರ ಕಥೆ: ಸೂಪರ್‌ಹೀರೋ ಲಿಮಿಟೆಡ್ ಸೀರೀಸ್‌ಗಳನ್ನು ಆರಿಸಿ ಓದುವ ಬಗೆ

ನಮ್ಮ ಬಳ್ಳಾರಿ, ಕೊಪ್ಪಳದ ಕಡೆಯ ತೊಗಲುಗೊಂಬೆಯಾಟದವರು ಒಂದೇ ರಾತ್ರಿಯಲ್ಲಿ ಇಡೀ ಮಹಾಭಾರತವನ್ನು ಆಡಿಸುವುದಿಲ್ಲ. ಒಂದು ಪ್ರಸಂಗವನ್ನು ಹಿಡಿದು, ಅದಕ್ಕೆ ಬೇಕಾದ ಗೊಂಬೆಗಳನ್ನಷ್ಟೇ ಪರದೆಗೆ ತಂದು ಆಟ ಮುಗಿಸುತ್ತಾರೆ. ಅಮೆರಿಕದ ಕಾಮಿಕ್ಸ್‌ನಲ್ಲಿ ಲಿಮಿಟೆಡ್ ಸೀರೀಸ್, ಅಂದರೆ ಕೆಲವೇ ಸಂಚಿಕೆಗಳಲ್ಲಿ ಮುಗಿಯುವ ಮಾಲಿಕೆ, ಮಾಡುವುದೂ ಬಹುಮಟ್ಟಿಗೆ ಇದನ್ನೇ. ಎಕ್ಸ್-ಮೆನ್, ಅವೆಂಜರ್ಸ್‌ನಂಥ ತಂಡಗಳ ಮಾಸಿಕಗಳು 1963ರಿಂದ ಬರುತ್ತಿರುವುದರಿಂದ, ಅವನ್ನು ಮೊದಲ ಸಂಚಿಕೆಯಿಂದ ಓದುತ್ತೇನೆಂದು ಹೊರಟವರಲ್ಲಿ ಹೆಚ್ಚಿನವರು ನಡುದಾರಿಯಲ್ಲೇ ಕೈಬಿಡುತ್ತಾರೆ. ಅಂಥವರು ತಂಡದ ಒಬ್ಬ ಸದಸ್ಯನನ್ನೇ ನಾಯಕನನ್ನಾಗಿಸಿದ, ನಾಲ್ಕೋ ಆರೋ ಹನ್ನೆರಡೋ ಸಂಚಿಕೆಗಳಲ್ಲಿ ಮುಗಿಯುವ ಮಾಲಿಕೆಯಿಂದ ಆರಂಭಿಸುವುದು ಲೇಸು.

ಆದರೆ ಜನಪ್ರಿಯ ಪಾತ್ರವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಕೊಳ್ಳಬೇಡಿ. ತಂಡದ ಕಥೆಯಲ್ಲಿ ಈ ಪಾತ್ರಕ್ಕೆ ಸಿಗದ ಯಾವ ಅವಕಾಶ ಇಲ್ಲಿ ಸಿಕ್ಕಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ತಂಡದಲ್ಲಿ ಮಾಡುವ ಹೊಡೆದಾಟವನ್ನೇ ಇಲ್ಲಿ ಒಂಟಿಯಾಗಿ ಮಾಡುತ್ತಿದ್ದರೆ, ಆ ದುಡ್ಡು ಉಳಿಸಿಕೊಂಡು ತಂಡದ ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟವನ್ನೇ ತರಿಸಿಕೊಳ್ಳಬಹುದು.

ಈ ಪರೀಕ್ಷೆಯಲ್ಲಿ ಇಂದಿಗೂ ಸೋಲದಿರುವುದು ಕ್ರಿಸ್ ಕ್ಲೇರ್‌ಮಾಂಟ್ ಬರೆದು ಫ್ರ್ಯಾಂಕ್ ಮಿಲ್ಲರ್ ಚಿತ್ರಿಸಿದ, 1982ರಲ್ಲಿ ನಾಲ್ಕು ಸಂಚಿಕೆಗಳಲ್ಲಿ ಬಂದ ‘ವುಲ್ವರಿನ್’. ಎಕ್ಸ್-ಮೆನ್ ತಂಡದಲ್ಲಿ ಈತ ಸಿಟ್ಟಿನ ಮನುಷ್ಯ, ಉಗುರು ಚಾಚಿ ಮೊದಲು ಮೇಲೆ ಬೀಳುವವನು. ಇಲ್ಲಿ ಆತ ತಾನು ಪ್ರೀತಿಸಿದ ಮಾರಿಕೋಳನ್ನು ಹುಡುಕಿಕೊಂಡು ಜಪಾನಿಗೆ ಹೋಗುತ್ತಾನೆ. ಆಕೆಯ ತಂದೆ ಶಿಂಗೆನ್ ಆಕೆಯನ್ನು ಆಗಲೇ ಬೇರೊಬ್ಬನಿಗೆ ಕೊಟ್ಟು ಮದುವೆ ಮಾಡಿರುತ್ತಾನೆ. ಮೊದಲ ಸಂಚಿಕೆಯ ದ್ವಂದ್ವಯುದ್ಧದ ಪುಟಗಳನ್ನು ನಿಧಾನವಾಗಿ ನೋಡಬೇಕು. ಕೈಯಲ್ಲಿರುವುದು ಮರದ ಕತ್ತಿ, ಎದುರಿಗೆ ಮುದುಕ ಶಿಂಗೆನ್, ಪಕ್ಕದಲ್ಲಿ ನೋಡುತ್ತಾ ಕುಳಿತ ಮಾರಿಕೋ. ಏಟು ತಡೆಯಲಾರದೆ ವುಲ್ವರಿನ್ ತನ್ನ ಲೋಹದ ಉಗುರುಗಳನ್ನು ಹೊರಚಾಚಿದ ಕ್ಷಣದಲ್ಲಿ, ಇವನು ಮನುಷ್ಯನಲ್ಲ, ಮೃಗ ಎಂದು ಶಿಂಗೆನ್ ಮಗಳಿಗೆ ತೋರಿಸಬೇಕೆಂದಿದ್ದುದು ಸಾಧಿಸಿದಂತಾಗುತ್ತದೆ. ಗಾಯ ಎಂಥದ್ದಾದರೂ ಮಾಯುವ ಶರೀರವುಳ್ಳವನಿಗೆ ಮರ್ಯಾದೆಗೆ ಬಿದ್ದ ಪೆಟ್ಟು ಮಾಯುವುದಿಲ್ಲ. ಇಂಥದ್ದೊಂದನ್ನು ಹೇಳಲು ತಂಡದ ಮಾಸಿಕದಲ್ಲಿ ಪುರುಸೊತ್ತು ಎಲ್ಲಿರುತ್ತದೆ?

ಇದನ್ನು ಕೊಳ್ಳುವಾಗ ಹೆಸರಿಗೆ ಮೋಸಹೋಗದೆ ವರ್ಷವನ್ನೂ ಸಂಚಿಕೆಗಳ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಹೆಸರು ಮಾತ್ರ ನೋಡಿ ತರಿಸಿದ್ದ ನನ್ನ ಪ್ರತಿ ಬಳ್ಳಾರಿಯ ಮನೆಗೆ ಬಂದಾಗ, ಬಿಚ್ಚಿ ನೋಡಿದರೆ ಕಥೆ ಜಪಾನಿನಲ್ಲಿ ನಡೆಯುತ್ತಲೇ ಇರಲಿಲ್ಲ, ಮ್ಯಾಡ್ರಿಪೂರ್ ಎಂಬ ಕಲ್ಪಿತ ದ್ವೀಪದಲ್ಲಿ ನಡೆಯುತ್ತಿತ್ತು. ಅದು 1988ರಲ್ಲಿ ಆರಂಭವಾದ, ಅದೇ ಹೆಸರಿನ ಮಾಸಿಕದ ಮೊದಲ ಸಂಪುಟ. ಮಾರಿದವರು ಸಂಚಿಕೆಗಳ ವಿವರವನ್ನೇ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದಿನಿಂದ ಒಳಪುಟದಲ್ಲಿ ಅಚ್ಚಾಗಿರುವ ಸಂಚಿಕೆಗಳ ಪಟ್ಟಿಯ ಫೋಟೊ ತರಿಸಿಕೊಂಡ ಮೇಲೆಯೇ ಹಣ ಕಳುಹಿಸುತ್ತಿದ್ದೇನೆ.

ಟಾಮ್ ಕಿಂಗ್ ಬರೆದು ಗೇಬ್ರಿಯೆಲ್ ಹೆರ್ನಾಂಡೆಜ್ ವಾಲ್ಟಾ ಚಿತ್ರಿಸಿದ ‘ದಿ ವಿಷನ್’ ಮಾಲಿಕೆಗೂ ಇದೇ ಎಚ್ಚರ ಬೇಕು. 2015 ಮತ್ತು 2016ರಲ್ಲಿ ಬಂದ ಇದರ 12 ಸಂಚಿಕೆಗಳು ಎರಡು ಸಂಪುಟಗಳಾಗಿ ಸಿಗುತ್ತವೆ. ಮೊದಲನೆಯದು ಆರನೆಯ ಸಂಚಿಕೆಗೇ ನಿಲ್ಲುವುದರಿಂದ ಒಂದನ್ನೇ ತರಿಸಿಕೊಂಡವರು ಕಥೆಯ ನಡುವೆ ಸಿಕ್ಕಿಬೀಳುತ್ತಾರೆ. ಅವೆಂಜರ್ಸ್ ತಂಡದ ಕೃತಕ ಮನುಷ್ಯನಾದ ವಿಷನ್ ತನ್ನಂಥದ್ದೇ ಹೆಂಡತಿಯನ್ನೂ ಅವಳಿ ಮಕ್ಕಳನ್ನೂ ನಿರ್ಮಿಸಿಕೊಂಡು, ವಾಷಿಂಗ್ಟನ್ ಬಳಿಯ ಬಡಾವಣೆಯೊಂದರಲ್ಲಿ ಎಲ್ಲರಂತೆ ಸಂಸಾರ ಹೂಡುತ್ತಾನೆ. ನೆರೆಮನೆಯವರು ಬಿಸ್ಕತ್ತು ಹಿಡಿದುಕೊಂಡು ಮಾತನಾಡಿಸಲು ಬರುತ್ತಾರೆ. ಊಟವೇ ಬೇಡದ ಮನೆಯಲ್ಲಿ ಆ ಬಿಸ್ಕತ್ತನ್ನು ಏನು ಮಾಡುವುದು? ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಬೆಳೆದ ನಮ್ಮ ಕಡೆಯವರಿಗೆ ಆ ಮುಜುಗರ ತಕ್ಷಣ ಅರ್ಥವಾಗುತ್ತದೆ. ಅದೇ ಸಂಚಿಕೆಯಲ್ಲಿ ಮನೆಗೆ ನುಗ್ಗಿದ ಖಳನೊಬ್ಬನನ್ನು ಹೆಂಡತಿ ವರ್ಜೀನಿಯಾ ಕೊಂದು, ಗಂಡನಿಗೆ ತಿಳಿಸದೆ ಹೂತುಬಿಡುತ್ತಾಳೆ. ಮುಂದಿನದೆಲ್ಲವೂ ಆ ಒಂದು ಮುಚ್ಚುಮರೆಯಿಂದ ಬೆಳೆಯುತ್ತದೆ. 2017ರಲ್ಲಿ ಇದಕ್ಕೆ ಅಮೆರಿಕದ ಕಾಮಿಕ್ಸ್‌ಗಳಿಗೆ ಕೊಡುವ ಐಸ್ನರ್ ಪ್ರಶಸ್ತಿ ಲಿಮಿಟೆಡ್ ಸೀರೀಸ್ ವಿಭಾಗದಲ್ಲಿ ಬಂದಿತು. ಮಕ್ಕಳಿಗೆ ಇದನ್ನು ಕೊಡಬೇಡಿ. ಚಿತ್ರಗಳು ಸೌಮ್ಯವಾಗಿ ಕಂಡರೂ ಕಥೆ ಕ್ರೂರವಾಗಿದೆ.

ಮಾರ್ಕ್ ಗ್ರೂನ್‌ವಾಲ್ಡ್ ತಾನೇ ಬರೆದು ಚಿತ್ರಿಸಿದ 1983ರ ‘ಹಾಕ್‌ಐ’ ಇವೆರಡರ ಎತ್ತರದ್ದಲ್ಲವಾದರೂ, ಬಿಲ್ಲುಗಾರ ನಾಯಕ ಇಲ್ಲಿ ಕಿವಿಯ ಕೇಳುವ ಶಕ್ತಿ ಕಳೆದುಕೊಳ್ಳುವುದರಿಂದಲೂ ಮಾಕಿಂಗ್‌ಬರ್ಡ್ ಎಂಬ ನಾಯಕಿಯನ್ನು ಮದುವೆಯಾಗುವುದರಿಂದಲೂ, ಮುಂದಿನ ಅವೆಂಜರ್ಸ್ ಕಥೆಗಳನ್ನು ಓದುವವರು ಇದನ್ನು ಬಿಡುವಂತಿಲ್ಲ. ಯಾರನ್ನು ಆರಿಸುವುದೆಂದು ತಿಳಿಯದವರಿಗೆ ಡಿಸಿ ಎಂಬ ಕಾಮಿಕ್ಸ್ ಪ್ರಕಾಶನದ ‘ಟೇಲ್ಸ್ ಆಫ್ ದಿ ನ್ಯೂ ಟೀನ್ ಟೈಟನ್ಸ್’ ಒಳ್ಳೆಯ ಬಾಗಿಲು. 1982ರ ಈ ನಾಲ್ಕು ಸಂಚಿಕೆಗಳಲ್ಲಿ ಸೈಬಾರ್ಗ್, ರೇವನ್, ಚೇಂಜ್‌ಲಿಂಗ್, ಸ್ಟಾರ್‌ಫೈರ್ ಎಂಬ ನಾಲ್ವರ ಹಿನ್ನೆಲೆ ಸಂಚಿಕೆಗೊಬ್ಬರಂತೆ ಬರುತ್ತದೆ.

ಓದುವ ಮೊದಲು ತಂಡದ ಚರಿತ್ರೆಯನ್ನೆಲ್ಲ ತಿಳಿದುಕೊಳ್ಳಬೇಕಾಗಿಲ್ಲ. ಪಾತ್ರದ ಶಕ್ತಿ ಏನು, ಈ ಕಥೆಯಲ್ಲಿ ಬರುವವರಲ್ಲಿ ಆ ಪಾತ್ರಕ್ಕೆ ಮೊದಲೇ ಪರಿಚಯವಿರುವವರು ಯಾರು ಎಂಬಷ್ಟು ಸಾಕು. ರಾತ್ರಿಗೆ ಒಂದೇ ಸಂಚಿಕೆಯಂತೆ ಓದಿ; ತಿಂಗಳಿಗೊಮ್ಮೆ ಬರುವಂತೆ ಬರೆದದ್ದಾದ್ದರಿಂದ ಪ್ರತಿ ಸಂಚಿಕೆಯ ಕೊನೆಯಲ್ಲೂ ಒಂದು ಕುತೂಹಲವನ್ನು ಕಟ್ಟಿರುತ್ತಾರೆ, ಸರಸರನೆ ಪುಟ ತಿರುಗಿಸಿದರೆ ಅದು ವ್ಯರ್ಥವಾಗುತ್ತದೆ. ಮೊಬೈಲಿನಲ್ಲಿ ಓದುವವರು ಒಂದೊಂದೇ ಚೌಕಟ್ಟನ್ನು ಹಿಗ್ಗಿಸಿ ನೋಡುವ ಮೊದಲು ಇಡೀ ಪುಟವನ್ನು ಒಮ್ಮೆ ಕಣ್ತುಂಬಿಕೊಳ್ಳಬೇಕು, ಏಕೆಂದರೆ ಮಿಲ್ಲರ್‌ನಂಥವರು ಹೊಡೆದಾಟದ ಲಯವನ್ನು ಚೌಕಟ್ಟುಗಳ ಅಳತೆಯಲ್ಲೇ ಕಟ್ಟಿರುತ್ತಾರೆ.

ಕೊನೆಯ ಸಂಚಿಕೆಯ ನಂತರ ಕಥೆ ತಂಡಕ್ಕೆ ಎಲ್ಲಿ ಮರಳುತ್ತದೆ ಎಂಬುದನ್ನೂ ಗುರುತುಹಾಕಿಕೊಳ್ಳಿ. ‘ವುಲ್ವರಿನ್’ ಮದುವೆಯ ಕರೆಯೋಲೆಯೊಂದಿಗೆ ಮುಗಿಯುತ್ತದೆ. ಆ ಮದುವೆ ಏನಾಯಿತೆಂಬುದು 1983ರ ‘ಅನ್‌ಕ್ಯಾನಿ ಎಕ್ಸ್-ಮೆನ್’ನ 172 ಮತ್ತು 173ನೆಯ ಸಂಚಿಕೆಗಳಲ್ಲಿದೆ. ನಾನು ಈ ಎರಡು ಅಂಕಿಗಳನ್ನು ಸಂಪುಟದ ಹಿಂಬದಿಯ ರಟ್ಟಿನ ಒಳಗೆ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ, ಎರವಲು ಒಯ್ದವರೆಲ್ಲರೂ ಪುಸ್ತಕ ಮರಳಿಸುವಾಗ ಕೇಳುವುದು ಅದನ್ನೇ.