ರಾಜಾಸೀಟಿಗೆ ಬೆಳಿಗ್ಗೆ ಹೋಗಿ ನೋಡಿ

ಮಡಿಕೇರಿಯ ರಾಜಾಸೀಟ್ ಪಾರ್ಕ್ ಅಂದರೆ ಎಲ್ಲರಿಗೂ ಸೂರ್ಯಾಸ್ತವೇ ನೆನಪಾಗುತ್ತದೆ. ಮಡಿಕೇರಿಗೆ ಬಂದ ನೆಂಟರು ಸಂಜೆ ಐದಾದರೆ ಸಾಕು, ಹೊರಡೋಣವಾ ಅನ್ನುತ್ತಾರೆ. ನಾನು ಇದೇ ಊರಿನವನು, ಬಹಳ ವರ್ಷ ನಾನೂ ಹಾಗೇ ಹೋಗಿ ಬಂದೆ. ಈಗ ಮೂರು ವರ್ಷದಿಂದ ಬೆಳಿಗ್ಗೆ ಹೋಗುತ್ತಿದ್ದೇನೆ, ವಾರಕ್ಕೆ ನಾಲ್ಕು ದಿನ, ಮನೆಯಿಂದ ಓಡಿಕೊಂಡು. ಕೇಳಿದವರಿಗೆಲ್ಲ ಹೇಳುವುದು ಒಂದೇ, ಸಂಜೆ ಬಿಡಿ, ಬೆಳಿಗ್ಗೆ ಹೋಗಿ.

ಆ ಜಾಗ ಪಶ್ಚಿಮಕ್ಕೆ ಮುಖ ಮಾಡಿದೆ ಅಲ್ವಾ? ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಎದುರಿನ ಬೆಟ್ಟಗಳು ಬರೀ ಕಪ್ಪಗೆ ಕಾಣುತ್ತವೆ. ಬೆಳಿಗ್ಗೆ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಮೊದಲು ದೂರದ ಬೆಟ್ಟದ ತುದಿಗೆ ಬಿಸಿಲು ಬೀಳುತ್ತದೆ, ಆಮೇಲೆ ನಿಧಾನಕ್ಕೆ ಕೆಳಗಿಳಿಯುತ್ತದೆ, ಕಣಿವೆಯಲ್ಲಿ ಮಾತ್ರ ಮಂಜು ಇನ್ನೂ ಹಾಗೇ ನಿಂತಿರುತ್ತದೆ, ಅದರ ಮೇಲೆ ಒಂದೊಂದು ಮರದ ತಲೆ ಮಾತ್ರ ಕಾಣುತ್ತದೆ. ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಒಂದು ವಾರ ಕಳೆದ ಮೇಲಂತೂ ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ.

ಓಟದ ವಿಷಯಕ್ಕೆ ಬರುತ್ತೇನೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ, ಸಮತಟ್ಟಾದ ರಸ್ತೆ ಸಿಗುವುದೇ ಕಷ್ಟ. ಶುರುವಿನಲ್ಲಿ ನಾನು ಏರಿನಲ್ಲಿ ಏದುಸಿರು ಬಿಡುತ್ತಾ ಹತ್ತಿ, ಇಳಿಜಾರಿನಲ್ಲಿ ಜೋರಾಗಿ ಓಡಿ ಸಮಯ ಸರಿಮಾಡಿಕೊಳ್ಳುತ್ತಿದ್ದೆ. ಮೂರನೇ ವಾರಕ್ಕೆ ಮಂಡಿ ನೋವು ಬಂತು. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆ, ಮಂಡಿಗಳೇ ತಡೆಯಬೇಕು, ನೋವಾಗುವುದು ಅಲ್ಲೇ. ಈಗ ಏರಿನಲ್ಲಿ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತೇನೆ, ಇಳಿಯುವಾಗ ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತೇನೆ. ಪಾರ್ಕಿನೊಳಗೆ ಓಡುವುದಿಲ್ಲ. ಅಲ್ಲಿ ವಯಸ್ಸಾದವರು ನಡೆಯುತ್ತಿರುತ್ತಾರೆ, ಅವರ ಹಿಂದಿನಿಂದ ದಡದಡ ಬರುವುದು ಸರಿಯಲ್ಲ.

ಜೂನ್ ಬಂದರೆ ಲೆಕ್ಕವೇ ಬೇರೆ. ಒಂದು ಜುಲೈನಲ್ಲಿ ಸವೆದ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಪಾಚಿಗೆ ಕಾಲಿಟ್ಟೆ, ಬಿದ್ದೆ, ಕೈಮಣಿಕಟ್ಟು ಹತ್ತು ದಿನ ಊದಿತ್ತು. ಮಳೆಗಾಲಕ್ಕೆ ಹಲ್ಲು ಚೆನ್ನಾಗಿರುವ ಶೂ ಇಲ್ಲದೆ ಹೊರಡಬೇಡಿ. ಹುಲ್ಲಿನ ಅಂಚಿಗೆ ಹೋದರೆ ಜಿಗಣೆ ಹತ್ತುತ್ತದೆ, ಕಿತ್ತೆಸೆಯಬೇಡಿ, ಉಗುರಿನಿಂದ ಮೆಲ್ಲಗೆ ಜಾರಿಸಿ ತೆಗೆಯಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ, ಅದಕ್ಕೇ ಸ್ವಲ್ಪ ಹೊತ್ತು ಹರಿಯುತ್ತದೆ, ಹೆದರಬೇಕಾಗಿಲ್ಲ.

ಆದರೂ ಮಳೆಗಾಲ ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿ ಹಾಡುವುದು ಆಗಲೇ ಜಾಸ್ತಿ. ಇನ್ನೂ ಕತ್ತಲೆ ಇರುವಾಗ ಯಾರೋ ಹುಡುಗ ಸುಮ್ನೆ ಸಿಳ್ಳೆ ಹಾಕಿಕೊಂಡು ಹೋಗುತ್ತಿದ್ದಾನೆ ಅನ್ನಿಸುತ್ತದೆ, ರಾಗ ಎಲ್ಲಿಗೋ ಹೋಗಿ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ದೂರದಿಂದ ನೋಡಿದರೆ ಕಪ್ಪು ಹಕ್ಕಿ. ಬೆಳಕು ಬಿದ್ದಾಗ ಹಣೆಯಲ್ಲೂ ಹೆಗಲಲ್ಲೂ ನೀಲಿ ಹೊಳೆಯುತ್ತದೆ. ಇದಕ್ಕಾಗಿಯೇ ಇಯರ್‌ಫೋನ್ ಮನೆಯಲ್ಲಿ ಬಿಟ್ಟೆ. ಬೇಸಿಗೆಯಲ್ಲಿ ಕುಟ್ರು ಹಕ್ಕಿ ಕುಟ್ರೂ ಕುಟ್ರೂ ಅಂತ ಒಂದೇ ಸಮನೆ ಕೂಗುತ್ತದೆ, ಎಲೆ ಹಸಿರಿನಲ್ಲೇ ಬೆರೆತಿರುವುದರಿಂದ ಕಣ್ಣಿಗೆ ಬೀಳಲು ತಾಳ್ಮೆ ಬೇಕು.

ಮನೆಯವರನ್ನೆಲ್ಲ ಕರೆದುಕೊಂಡು ಹೋಗುವುದು ವಾರದ ಮಧ್ಯೆ ರಜೆ ಬಂದರೆ ಮಾತ್ರ. ಶನಿವಾರ, ಭಾನುವಾರ ಮತ್ತು ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಿಗ್ಗೆ ಮುಗಿದುಹೋಗುತ್ತದೆ. ಅಮ್ಮನಿಗೆ ಮೆಟ್ಟಿಲು ಆಗುವುದಿಲ್ಲ, ಅವರು ಮೇಲಿನ ಬೆಂಚಿನಲ್ಲೇ ಶಾಲು ಹೊದ್ದು ಕೂರುತ್ತಾರೆ. ಅಕ್ಕಿರೊಟ್ಟಿ, ಎಳ್ಳು ಚಟ್ನಿ ಕಟ್ಟಿಕೊಂಡು ಹೋದರೂ ತಿನ್ನುವುದು ಕಾರಿನಲ್ಲೇ, ಒಳಗೆ ಒಂದು ಚೂರು ಕಾಗದವೂ ಬೀಳಬಾರದು ಅಂತ ಅಮ್ಮನದೇ ಆಜ್ಞೆ.

ಹೋದ ಆಗಸ್ಟ್‌ನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಆರು ವರ್ಷದ ಮಗಳು ಆ ಥ್ರಶ್ ಹಕ್ಕಿಗೆ ಉತ್ತರ ಕೊಡುತ್ತೇನೆ ಅಂತ ತುಟಿ ಚೂಪು ಮಾಡಿ ಸಿಳ್ಳೆ ಹಾಕಲು ಕೂತಳು. ಬರೀ ಗಾಳಿ ಬಂತು. ಅಮ್ಮ ಮಗಳ ಕೈ ಹಿಡಿದು ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದರು. ಹತ್ತು ಹೆಜ್ಜೆ ಆಚೆ, ಒದ್ದೆ ಕಲ್ಲಿನ ಮೇಲೆ, ಹಕ್ಕಿ ಒಂದು ಬಸವನಹುಳುವನ್ನು ಕೊಕ್ಕಿನಲ್ಲಿ ಹಿಡಿದು ಟಕ್ ಟಕ್ ಅಂತ ಕುಟ್ಟುತ್ತಿತ್ತು. ಚಿಪ್ಪು ಒಡೆಯುವವರೆಗೂ ನಾವು ಮೂವರೂ ಅಲ್ಲಾಡಲಿಲ್ಲ.